ಒಂದು ವರ್ಷ ಮುಂದಿದ್ದ ಪ್ರೂಫ್ ಮೇಷ್ಟ್ರು

ಪ್ರೂಫ್ ಮೇಷ್ಟ್ರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಮೂವತ್ತೊಂದು ವರ್ಷದಿಂದ ಕೂತು, ಮೆಷಿನ್ನಿಗೆ ಹೋಗುವ ಮುಂಚೆ ತಪ್ಪು ಹುಡುಕುವುದು ಅವರ ಕೆಲಸ. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಹೋಟೆಲಿನಲ್ಲಿ ತಿಂಡಿಪಟ್ಟಿ ಕೈಗೆ ಕೊಟ್ಟರೆ ತಿಂಡಿ ಹೇಳುವ ಮುಂಚೆ ಕಾಗುಣಿತ ತಿದ್ದುವವರು, ಮದುವೆಯ ಕರೆಯೋಲೆ ಕೊಟ್ಟರೆ ಹರಸುವ ಮುಂಚೆ ಗುರುತು ಹಾಕಿ ವಾಪಸ್ ಕೊಡುವವರು. ಇಂಥವರಿಗೆ ಮೇಷ್ಟ್ರು ಅನ್ನದೆ ಇನ್ನೇನು ಅನ್ನುವುದು? ಪ್ರೆಸ್ಸಿನವರು ಇಟ್ಟ ಹೆಸರು ಬೀದಿಗೆ ಬಂತು, ಬೀದಿಯಿಂದ ಚರ್ಚಿಗೆ ಹೋಯಿತು, ಕೊನೆಗೆ ಸಿಟ್ಟು ಬಂದಾಗ ಹೆಂಡತಿಯೂ "ಏನ್ ಮೇಷ್ಟ್ರೇ" ಅನ್ನತೊಡಗಿದರು.

ಆ ಪ್ರೆಸ್ಸಿನ ಹೆಸರುವಾಸಿ ಸರಕೆಂದರೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅಂಗೈಯಗಲದ ಹಾಳೆ. ನಡುವೆ ದಪ್ಪಕ್ಷರದಲ್ಲಿ ತಾರೀಖು, ಅದರ ಕೆಳಗೆ ವಾರ, ಮೂಲೆಯಲ್ಲಿ ಸೂರ್ಯ ಹುಟ್ಟುವ ಮುಳುಗುವ ಹೊತ್ತು, ತಳದಲ್ಲಿ ಒಂದೇ ಒಂದು ಸಾಲು ದೇವರ ಮಾತು. ಈ ಸಾಲುಗಳನ್ನು ಬರೆದುಕೊಡುತ್ತಿದ್ದವರು ಮೇಷ್ಟ್ರು ಹೋಗುವ ಚರ್ಚಿನ ಪಾದ್ರಿಗಳೇ. ವರ್ಷಕ್ಕೆ ಮುನ್ನೂರ ಅರವತ್ತೈದು ಸಾಲಿನಂತೆ ಮೂವತ್ತೊಂದು ವರ್ಷದ್ದು ಲೆಕ್ಕ ಹಾಕಿ ನೋಡಿ. ಇಷ್ಟು ದೇವರ ಮಾತು ಓದಿದ ಮನುಷ್ಯ ಆ ಸುತ್ತಿನಲ್ಲಿ ಬೇರೊಬ್ಬರಿರಲಿಲ್ಲ, ಇಷ್ಟು ಓದಿ ಇಷ್ಟು ಕಡಿಮೆ ಕೇಳಿಸಿಕೊಂಡವರೂ ಇರಲಿಲ್ಲ. "ಈ ಬೆಳಗು ನಿನಗೆಂದೇ ಬಂದ ದೇವರ ಕೃಪೆ" ಅನ್ನುವ ಸಾಲು ಬಂದರೆ ಮೇಷ್ಟ್ರು ಕೃಪೆಯ ವಟ್ರಸುಳಿ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದರು, ಬಿದ್ದಿದ್ದರೆ ಮುಂದಿನ ಹಾಳೆ. ಕಿಟಕಿಯಾಚೆಯ ಬೆಳಗಿನ ಪಾಡಿಗೆ ಬೆಳಗು.

ಕ್ಯಾಲೆಂಡರ್ ಕೆಲಸದ ಫಜೀತಿಯೆಂದರೆ ಅದು ಯಾವಾಗಲೂ ಮುಂದಿನ ವರ್ಷದ್ದು. ಮಾರ್ಚಿನಲ್ಲಿ ಶುರುವಾದರೆ ಅಕ್ಟೋಬರಿನವರೆಗೆ ಮೇಷ್ಟ್ರ ಮೇಜಿನ ಮೇಲೂ ಎದುರಿನ ಗೋಡೆಯ ಮೇಲೂ ಇರುವುದು ಇನ್ನೂ ಹುಟ್ಟದ ವರ್ಷದ ಹಾಳೆಗಳು. ಅವುಗಳ ನಡುವೆ ಕೂತೂ ಕೂತೂ ಮೇಷ್ಟ್ರು ಅಲ್ಲಿಯೇ ವಾಸ ಮಾಡತೊಡಗಿದ್ದರು. ಜ್ವರಕ್ಕೆ ರಜೆ ಕೇಳಿ ಬರೆದ ಚೀಟಿಯಲ್ಲಿ ಮುಂದಿನ ವರ್ಷದ ಇಸವಿ ಹಾಕಿ ಕೊಟ್ಟಿದ್ದರಂತೆ. ಪ್ರೆಸ್ಸಿನ ಯಜಮಾನರು "ಜ್ವರ ಬರೋಕೆ ಇನ್ನೂ ಒಂದು ವರ್ಷ ಇದೆಯಲ್ಲ ಮೇಷ್ಟ್ರೇ, ಅಲ್ಲೀವರೆಗೆ ಕೆಲಸ ಮಾಡಿ" ಎಂದು ಚೀಟಿ ವಾಪಸ್ ಕಳಿಸಿದರು. ಒಮ್ಮೆ ಪರಿಚಯದವರ ಮುಂದೆ ಹೆಂಡತಿಯ ವಯಸ್ಸು ಐವತ್ತೇಳು ಎಂದುಬಿಟ್ಟರು. "ಐವತ್ತಾರು!" ಎಂದು ಆಕೆ ಅಲ್ಲೇ ಹಿಡಿದರು. "ನಂದು ಇನ್ನೂ ಒಂದು ವರ್ಷ ಬಾಕಿ ಇದೆ ರೀ. ಅದನ್ನ ಯಾಕೆ ಕಿತ್ಕೋತೀರಿ?"

ಮನೆಯಲ್ಲಿ ಏನು ಕೇಳಿದರೂ ಮೇಷ್ಟ್ರ ಬಾಯಲ್ಲಿ ಒಂದೇ ಉತ್ತರ, "ಮುಂದಿನ ವರ್ಷ ನೋಡೋಣ." ಬಚ್ಚಲಿನ ನಲ್ಲಿ ನಾಲ್ಕು ವರ್ಷದಿಂದ ತೊಟ್ಟಿಕ್ಕುತ್ತಿತ್ತು, ಮುಂದಿನ ವರ್ಷ ನೋಡೋಣ. ಅಡುಗೆಮನೆಯ ಬಾಗಿಲು ಕೆಳಗೆ ಉಜ್ಜುತ್ತಿತ್ತು, ಅದನ್ನೂ ಮುಂದಿನ ವರ್ಷ ನೋಡೋಣ. ಆಕೆ ನಲ್ಲಿಯ ಕೆಳಗೆ ಬಕೆಟ್ ಇಟ್ಟರು, ಬಾಗಿಲನ್ನು ಮೊಣಕಾಲಿನಿಂದ ಎತ್ತಿ ತಳ್ಳುವುದನ್ನು ರೂಢಿ ಮಾಡಿಕೊಂಡರು. ಮುಂದಿನ ವರ್ಷವೇನೋ ಪ್ರತಿ ವರ್ಷವೂ ಬರುತ್ತಿತ್ತು. ಬಂದು ನೋಡಿದರೆ ಮೇಷ್ಟ್ರು ಅಲ್ಲಿರುತ್ತಿರಲಿಲ್ಲ, ಅದರ ಮುಂದಿನದಕ್ಕೆ ಹೊರಟುಹೋಗಿರುತ್ತಿದ್ದರು.

ಹೀಗೆ ಮುಂದೂಡಿದ್ದರಲ್ಲಿ ದೊಡ್ಡದೊಂದಿತ್ತು. ಅದು ಅವರ ಅಣ್ಣ.

ಅಣ್ಣ ಹುಟ್ಟಿದೂರಿನಲ್ಲೇ ಉಳಿದು ಕಲ್ಲು ಕೆತ್ತಿ ಬದುಕಿದವರು. ಓದು ಮೂರನೇ ಕ್ಲಾಸು. ಆದರೆ ಕಲ್ಲಿನಲ್ಲಿ ಅಕ್ಷರ ಬಿಡಿಸಿದರೆಂದರೆ ಬೆರಳಾಡಿಸಿ ನೋಡಬೇಕು, ಅಷ್ಟು ನಯ. ಅಮ್ಮ ತೀರಿಕೊಂಡ ಮೇಲೆ ಸಮಾಧಿಗೆ ಒಂದು ಚಪ್ಪಡಿಯನ್ನು ತಾನೇ ಕೆತ್ತುತ್ತೇನೆಂದು ಹೊರಟರು. ಕೂಲಿ ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂತು ಪೂರ್ತಿ ಎರಡು ವರ್ಷ ಕೆತ್ತಿದರು. ಅದನ್ನು ಸಮಾಧಿಯ ಮೇಲೆ ಕೂರಿಸುವ ದಿನ ನೆಂಟರೆಲ್ಲ ಸೇರಿದ್ದರು, ಪ್ರಾರ್ಥನೆ ಆಯಿತು, ಬಟ್ಟೆ ಸರಿಸಿದರು. ಬಿಳಿ ಕಲ್ಲಿನ ಮೇಲೆ ಅಮ್ಮನ ಹೆಸರು, ಅದರ ಕೆಳಗೆ "ಆಗಸ್ಟ್ ಹದಿಮೂರು, ಮಂಗಳವಾರ, ಕರ್ತನ ಬಳಿಗೆ ಹೋದರು." ಎಲ್ಲರ ಕಣ್ಣಲ್ಲೂ ನೀರು. ಮೇಷ್ಟ್ರ ಕಣ್ಣಲ್ಲಿ ಮಾತ್ರ ತಪ್ಪು.

ಕೈ ತಾನಾಗಿಯೇ ಕಿವಿಗೆ ಹೋಯಿತು. ಬಗ್ಗಿದರು, ಮಂಗಳವಾರದ ಮೇಲೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು, ಕಲ್ಲಿನ ಅಂಚಿನಲ್ಲಿ ಅಚ್ಚುಕಟ್ಟಾಗಿ "ಬುಧ" ಎಂದು ಬರೆದರು. ಮೂವತ್ತು ಜನ ನೆಂಟರು ನೋಡುತ್ತಿದ್ದರು. ಅಣ್ಣ ಹೆಗಲ ಮೇಲಿನ ಟವೆಲಿನಿಂದ ಗೆರೆಯನ್ನು ಒರೆಸಿದರು, ಹೋಗಲಿಲ್ಲ, ಎಂಜಲು ಹಚ್ಚಿ ಒರೆಸಿದರು, ಇನ್ನಷ್ಟು ಹರಡಿತು. ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದುಬಿಟ್ಟರು. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

"ಮಂಗಳವಾರವೇ ಕಣ್ರೀ" ಎಂದು ಹೆಂಡತಿ ಬಸ್ಸಿನಲ್ಲೇ ಹೇಳಿದ್ದರು. ಮೇಷ್ಟ್ರು ಒಪ್ಪಲಿಲ್ಲ. "ಸುದ್ದಿ ಬಂದಾಗ ಆ ದಿನದ ಹಾಳೆ ನನ್ನ ಕೈಯಲ್ಲೇ ಇತ್ತು ಕಣೇ. ಆಗಸ್ಟ್ ಹದಿಮೂರು, ಬುಧವಾರ. ಇಷ್ಟು ದಪ್ಪಕ್ಷರ! ನಾನೇ ತಿದ್ತಾ ಕೂತಿದ್ದೆ."

"ಹಳೇ ಕ್ಯಾಲೆಂಡರು ಎಲ್ಲಾದರೂ ಸಿಕ್ಕರೆ ಒಂದ್ಸಲ ನೋಡಿಬಿಡಿ."

"ಮುಂದಿನ ವರ್ಷ ನೋಡೋಣ."

ಒಂಬತ್ತು ವರ್ಷವಾಯಿತು. ಮೇಷ್ಟ್ರು ಕಲ್ಲೆದೆಯವರೇನಲ್ಲ. ಚರ್ಚಿನಲ್ಲಿ "ನಮ್ಮ ತಪ್ಪುಗಳನ್ನು ಕ್ಷಮಿಸು" ಎನ್ನುವಾಗಲೆಲ್ಲ ಅಣ್ಣನ ಮುಖ ಎದುರಿಗೆ ಬರುತ್ತಿತ್ತು. ಈ ಕ್ಯಾಲೆಂಡರ್ ಮುಗಿಯಲಿ, ಹೋಗಿ ಮಾತಾಡಿಬಿಡುತ್ತೇನೆ, ಅಂದುಕೊಳ್ಳುತ್ತಿದ್ದರು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಮೇಜಿಗೆ ಬಂದು ಬೀಳುತ್ತಿತ್ತು. ಕಾರಣ ಬೇಕಾದವನಿಗೆ ಕ್ಯಾಲೆಂಡರ್ ಪ್ರೆಸ್ಸಿಗಿಂತ ಒಳ್ಳೆಯ ಜಾಗ ಇಲ್ಲ ಅನ್ನಿ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಪ್ರೆಸ್ಸಿನ ಫೋನು ಹೊಡೆದುಕೊಂಡಿತು. ಅಣ್ಣನ ಮಗಳು.

"ಚಿಕ್ಕಪ್ಪಾ, ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತಿದೀನಿ. ಇನ್ಮೇಲೆ ಅಲ್ಲೇ. ಕಣ್ಣು ಹೋಗ್ತಿದೆ ಅವರಿಗೆ. ಇನ್ನು ಮೂರೋ ನಾಲ್ಕೋ ತಿಂಗಳು, ಆಮೇಲೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತೆ ಅಂದ್ರು ಡಾಕ್ಟ್ರು."

"ಅಯ್ಯೋ" ಎಂದರು ಮೇಷ್ಟ್ರು.

"ಇಪ್ಪತ್ತೊಂದನೇ ತಾರೀಖು ನಿಮ್ಮೂರಲ್ಲೇ ಬಸ್ ಬದಲಾಯಿಸೋದು. ಹನ್ನೊಂದರಿಂದ ಹನ್ನೆರಡು ಗಂಟೆ ಬಸ್ ಸ್ಟ್ಯಾಂಡಲ್ಲಿ ಇರ್ತೀವಿ. ಬೇರೆ ನೇರ ಬಸ್ ಇತ್ತು ಚಿಕ್ಕಪ್ಪ, ಅಪ್ಪನೇ ಬೇಡ ಅಂದ್ರು. ಬಾಯಿ ಬಿಟ್ಟು ಹೇಳಲ್ಲ. ಆದ್ರೆ ಕಣ್ಣಿರೋವಾಗ ಒಂದ್ಸಲ ನಿಮ್ಮ ಮುಖ ನೋಡ್ಬೇಕು ಅಂತ ಇದೆ ಅವರಿಗೆ. ಬರ್ತೀರಲ್ಲ?"

"ಬರ್ತೀನಿ ಮಗಳೇ. ಖಂಡಿತ ಬರ್ತೀನಿ." ಹೇಳುತ್ತಾ ಮೇಷ್ಟ್ರು ಕಣ್ಣೆತ್ತಿ ಗೋಡೆಯ ಮೇಲಿನ ಹಾಳೆ ನೋಡಿದರು. ಸೆಪ್ಟೆಂಬರ್ ಇಪ್ಪತ್ತೊಂದು, ಭಾನುವಾರ. ಸದ್ಯ, ಭಾನುವಾರವೇ ಬಂತಲ್ಲ, ರಜೆ ಕೇಳುವ ತಾಪತ್ರಯವಿಲ್ಲ, ಆರಾಧನೆ ಮುಗಿಸಿ ನೇರ ಹೋಗಬಹುದು. ತಳದ ಸಾಲಿನ ಮೇಲೂ ಕಣ್ಣು ಹೋಯಿತು. "ಯಾರ ಬಳಿ ಹೋಗಬೇಕೋ ಅವರ ಬಳಿ ಇಂದು ಹೋಗು." "ಹೋಗಬೇಕೋ" ಆದ ಮೇಲೆ ಒಂದು ಅಲ್ಪವಿರಾಮ ಬೇಕಿತ್ತು. ಹಾಕಿದರು.

ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗೋಡೆಯ ಮೇಲಿದ್ದದ್ದು ಮುಂದಿನ ವರ್ಷದ ಹಾಳೆ. ಒಂದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದಕ್ಕೆ ಸರಿಯುತ್ತದೆ ಎನ್ನುವುದು ಮೂವತ್ತೊಂದು ವರ್ಷ ಕ್ಯಾಲೆಂಡರ್ ತಿದ್ದಿದ ಮನುಷ್ಯನಿಗೆ ತಿಳಿಯದ ವಿಷಯವಲ್ಲ. ತಾನು ಯಾವ ವರ್ಷದಲ್ಲಿ ಕೂತಿದ್ದೇನೆ ಎನ್ನುವುದು ಮಾತ್ರ ತಿಳಿದಿರಲಿಲ್ಲ. ಈ ವರ್ಷದ ಇಪ್ಪತ್ತೊಂದು ಶನಿವಾರ.

ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟು, "ಬರೋ ಭಾನುವಾರ ಅಣ್ಣ ಬಸ್ ಸ್ಟ್ಯಾಂಡಿಗೆ ಬರ್ತಾನೆ." ತಾರೀಖು ಹೇಳಲಿಲ್ಲ, ಅದೇನು ಹೇಳುವ ವಿಷಯವೇ? ಆಕೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತರು. ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡು, "ಕೇಕ್ ಮಾಡ್ತೀನಿ. ನಿಮ್ಮಣ್ಣನಿಗೆ ಸಿಹಿ ಅಂದ್ರೆ ಪ್ರಾಣ" ಎಂದರು.

ಮೇಷ್ಟ್ರು ಆ ವಾರವೆಲ್ಲ ಅಣ್ಣನಿಗೆ ಹೇಳಬೇಕಾದ ಮಾತನ್ನು ತಯಾರು ಮಾಡಿದರು. ಮೊದಲ ಕರಡು ಹೀಗಿತ್ತು, "ಅಣ್ಣ, ನಾನು ಹೇಳಿದ್ದು ಸರಿಯಾಗಿದ್ದರೂ ಹೇಳಿದ ರೀತಿ ತಪ್ಪು." ಹೆಂಡತಿಗೆ ಓದಿ ಹೇಳಿದರು.

"ಇದು ಕ್ಷಮೆ ಕೇಳೋದಾ, ಇನ್ನೊಂದ್ಸಲ ಗೆರೆ ಎಳೆಯೋದಾ?" ಎಂದರು ಆಕೆ.

ತಿದ್ದಿದರು. ಎರಡನೇ ಕರಡಿನಲ್ಲಿ "ಸರಿಯಾಗಿದ್ದರೂ" ಎನ್ನುವುದು ಎರಡನೇ ವಾಕ್ಯಕ್ಕೆ ಹೋಯಿತು, ಮೂರನೆಯದರಲ್ಲಿ ಕೊನೆಗೆ ಹೋಯಿತು. ಪೂರ್ತಿ ಹೋಗಲೊಲ್ಲದು. ಮನುಷ್ಯನಿಗೆ ತನ್ನ ತಪ್ಪನ್ನು ಬಿಡುವುದು ಕಷ್ಟ ಅನ್ನುತ್ತಾರೆ, ಅದು ಸುಳ್ಳು, ಬಿಡಲಾಗದ್ದು ತಾನು ಸರಿ ಎನ್ನುವುದನ್ನು.

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೇಷ್ಟ್ರು ಪ್ರೆಸ್ಸಿನಲ್ಲಿ ಮುಂದಿನ ವರ್ಷದ ನವೆಂಬರ್ ತಿದ್ದುತ್ತಿದ್ದರು. ಬಸ್ ಸ್ಟ್ಯಾಂಡು ಅಲ್ಲಿಂದ ಎರಡು ಬೀದಿ ದೂರ. ಬಸ್ಸುಗಳ ಹಾರನ್ನು ಕೇಳಿಸುತ್ತಿತ್ತು. "ಏನು ಗಲಾಟೆಯಪ್ಪ" ಎಂದು ಎದ್ದು ಕಿಟಕಿ ಮುಚ್ಚಿದರು.

ಭಾನುವಾರ ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೋದರು. ಹೆಂಡತಿಯ ತೊಡೆಯ ಮೇಲೆ ಕೇಕಿನ ಡಬ್ಬಿ. ಮೇಷ್ಟ್ರ ಕಾಲಲ್ಲಿ ವರ್ಷಕ್ಕೆ ಮೂರು ಸಲ ಮಾತ್ರ ಹೊರಬರುವ ಕಪ್ಪು ಬೂಟು, ಅದು ಕಚ್ಚುತ್ತಿತ್ತು. ಪಾದ್ರಿಗಳು ಪ್ರಕಟಣೆ ಓದುತ್ತಾ "ಇಂದು, ಇಪ್ಪತ್ತೆರಡನೇ ತಾರೀಖಿನಂದು" ಎಂದರು. ಮೇಷ್ಟ್ರು ಹೆಂಡತಿಯ ಕಡೆ ಬಾಗಿದರು. "ಪಾದ್ರಿಗಳಿಗೆ ವಯಸ್ಸಾಯ್ತು ಕಣೇ, ತಾರೀಖು ತಪ್ಪು ಓದಿದರು. ಪಾಪ, ಎಲ್ಲರ ಮುಂದೆ ಹೇಳೋದು ಬೇಡ." ಒಬ್ಬರ ತಪ್ಪನ್ನು ಎಲ್ಲರ ಮುಂದೆ ತೋರಿಸದೆ ಬಿಟ್ಟದ್ದು ಮೇಷ್ಟ್ರ ಜೀವನದಲ್ಲಿ ಅದೇ ಮೊದಲು. ಆ ಔದಾರ್ಯ ಒಂಬತ್ತು ವರ್ಷ ಮುಂಚೆ, ಅಮ್ಮನ ಸಮಾಧಿಯ ಮುಂದೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ದಿನದ ಉಪದೇಶ "ಇವತ್ತು" ಎನ್ನುವುದರ ಬಗ್ಗೆಯೇ ಇತ್ತು. "ನಾವು ಪ್ರಾರ್ಥನೆಯಲ್ಲಿ ಈ ದಿನದ ರೊಟ್ಟಿ ಕೇಳ್ತೀವಿ, ವರ್ಷದ ದಾಸ್ತಾನು ಕೇಳಲ್ಲ" ಎಂದರು ಪಾದ್ರಿಗಳು. "ಯಾಕೆ ಅಂದ್ರೆ ದೇವರು ನಮಗೆ ಸಿಗೋದು ಇವತ್ತಿನಲ್ಲಿ. ನಿನ್ನೆಗೆ ಅವನ ಕ್ಷಮೆ ಇದೆ, ನಾಳೆಗೆ ಅವನ ಮಾತು ಇದೆ, ಕೆಲಸ ಮಾತ್ರ ಇವತ್ತೇ ಇದೆ. ಪ್ರೀತಿ ತೋರಿಸೋದನ್ನ ಮುಂದಕ್ಕೆ ಹಾಕೋದು, ತಟ್ಟೆಗೆ ಬಡಿಸಿದ್ದನ್ನ ತಿನ್ನದೆ ಏಳೋ ಹಾಗೆ."

ಸಾಲು ಸ್ವಲ್ಪ ಉದ್ದವಾಯಿತು, ಅಂಗೈಯಗಲದ ಹಾಳೆಯಲ್ಲಿ ಹಿಡಿಸುವುದಿಲ್ಲ, ಅಂದುಕೊಂಡರು ಮೇಷ್ಟ್ರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದರು. ಹನ್ನೊಂದಾಯಿತು. ಕಾಲು. ಅರ್ಧ. ಬಸ್ಸುಗಳು ಬಂದವು, ಹೋದವು. ಇಳಿದವರಲ್ಲಿ ಅಣ್ಣನಿಲ್ಲ. ಮೇಷ್ಟ್ರಿಗೆ ಸಣ್ಣಗೆ ಸಿಟ್ಟು ಬಂತು. "ನೋಡಿದೆಯಾ? ಬರಲ್ಲ ಅವನು. ಒಂಬತ್ತು ವರ್ಷ ಆದ್ರೂ ಸೆಟೆದುಕೊಂಡೇ ಇದ್ದಾನೆ."

ಬೆಂಚಿನ ಹಿಂದೆ ಒಂದು ಟೀ ಅಂಗಡಿ. ಅದನ್ನು ನಡೆಸುವ ಹೆಂಗಸು ಬಹಳ ಹೊತ್ತಿನಿಂದ ಇವರನ್ನೇ ನೋಡುತ್ತಿದ್ದಳು. "ಯಾರಿಗೆ ಕಾಯ್ತಿದೀರಿ ಯಜಮಾನ್ರೇ?" ಎಂದಳು.

"ನಮ್ಮಣ್ಣ. ವಯಸ್ಸಾದವರು. ಕಣ್ಣು ಸರಿಯಾಗಿ ಕಾಣಲ್ಲ. ಜೊತೆಗೆ ಮಗಳಿರ್ತಾಳೆ."

ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿದಳು. "ಅವರು ನಿನ್ನೇನೇ ಬಂದಿದ್ರಲ್ಲ! ಇದೇ ಬೆಂಚು. ಯಾರು ಹತ್ತಿರ ಬಂದ್ರೂ ಎದ್ದು ನಿಂತ್ಕೊಳ್ಳೋರು ಪಾಪ, ಮುಖದ ಹತ್ರ ಮುಖ ತಂದು ನೋಡೋರು, ಮತ್ತೆ ಕೂತ್ಕೊಳ್ಳೋರು. ಮೂರು ಟೀ ಹೇಳಿದ್ರು. ಎರಡು ಕುಡಿದ್ರು, ಒಂದು ಹಾಗೇ ಆರಿಹೋಯ್ತು. ಮಗಳು ಫೋನ್ ತೆಗೆದ್ರೆ, ಬೇಡ, ಬರೋನಾದ್ರೆ ತಾನೇ ಬರ್ತಾನೆ, ಅಂತ ಕೈ ಹಿಡಿದ್ರು. ಎರಡು ಬಸ್ ಬಿಟ್ಟು ಮೂರನೇದಕ್ಕೆ ಹೋದ್ರು."

"ನಿನ್ನೆ ಹೇಗಮ್ಮಾ ಸಾಧ್ಯ? ಅವರು ಬರೋದು ಇಪ್ಪತ್ತೊಂದಕ್ಕೆ. ಇವತ್ತು ಇಪ್ಪತ್ತೊಂದು."

ಅವಳು ಬನ್ನುಗಳ ಮೇಲೆ ಮುಚ್ಚಿದ್ದ ಪೇಪರನ್ನು ಎತ್ತಿ ಅವರ ಕೈಗೆ ಕೊಟ್ಟಳು. ಇಪ್ಪತ್ತೆರಡು, ಭಾನುವಾರ. ಮೇಷ್ಟ್ರು ಓದಿದರು. ಅಭ್ಯಾಸಬಲ, ಇನ್ನೊಮ್ಮೆ ಓದಿದರು. ತಪ್ಪಿರಲಿಲ್ಲ.

ಎರಡು ಬೀದಿ ದೂರ. ಅಣ್ಣ ಇಲ್ಲಿ ಎದ್ದು ಕೂತು ಮಾಡುತ್ತಿದ್ದಾಗ ತಾವು ಅಲ್ಲಿ ಕಿಟಕಿ ಮುಚ್ಚುತ್ತಿದ್ದರು. ಮೇಷ್ಟ್ರು ಪೇಪರನ್ನು ಮಡಿಲಲ್ಲಿಟ್ಟುಕೊಂಡರು. ಗೋಡೆ ಕಣ್ಣ ಮುಂದೆ ಬಂತು, ಗೋಡೆಯ ಮೇಲಿನ ಹಾಳೆ ಬಂತು, ಅದು ಯಾವ ವರ್ಷದ್ದೆಂಬುದು ಈಗ ತಿಳಿಯಿತು. ಅದು ತಿಳಿದ ಮೇಲೆ ಅದರ ಹಿಂದೆಯೇ ಇನ್ನೊಂದು ಹಾಳೆ ಬಂತು. ಅಮ್ಮ ಹೋದ ಸುದ್ದಿ ಬಂದಾಗ ಕೈಯಲ್ಲಿದ್ದ ಹಾಳೆ. ಆಗಸ್ಟ್ ಹದಿಮೂರು, ಬುಧವಾರ, ಇಷ್ಟು ದಪ್ಪಕ್ಷರ. ಆಗಸ್ಟಿನಲ್ಲಿ ತಾನು ಕೂತು ತಿದ್ದುವುದು ಯಾವ ವರ್ಷದ್ದು?

"ಅಮ್ಮ ಹೋದದ್ದು ಯಾವ ವಾರ?" ಎಂದು ಹೆಂಡತಿಯನ್ನು ಕೇಳಿದರು.

"ಮಂಗಳವಾರ."

"ನಿನಗೆ ಹೇಗೆ ಅಷ್ಟು ಖಾತ್ರಿ?"

"ಚರ್ಚಿನ ಮಹಿಳಾ ಕೂಟ ಇರೋದೇ ಮಂಗಳವಾರ. ಅಲ್ಲಿಂದ ನನ್ನ ಎಬ್ಬಿಸಿಕೊಂಡು ಬಂದ್ರು. ಒಂಬತ್ತು ವರ್ಷದಿಂದ ಹೇಳ್ತಾನೇ ಇದೀನಲ್ಲ ರೀ."

"ನಾನೇನು ಅಂತಿದ್ದೆ?"

"ಮುಂದಿನ ವರ್ಷ ನೋಡೋಣ ಅಂತಿದ್ರಿ."

ಬೇರೆ ಹೊತ್ತಾಗಿದ್ದರೆ ಆಕೆ ಇನ್ನೂ ಎರಡು ಮಾತು ಸೇರಿಸುತ್ತಿದ್ದರು. ಗಂಡನ ಮುಖ ನೋಡಿ ಕೇಕಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಆದರೂ ಹಳೆಯ ಚಟ ಎಲ್ಲಿ ಹೋಗುತ್ತದೆ? ಬಾಯಿ ತಾನಾಗಿ ತೆರೆಯಿತು. "ಅಕ್ಟೋಬರಿಗೆ ಈ ಕೆಲಸ ಮುಗಿಯುತ್ತೆ. ಮುಗಿದ ತಕ್ಷಣ ಇಬ್ಬರೂ ಹೋಗಿ..." ಅಲ್ಲಿಗೆ ನಿಂತರು. ತಮ್ಮ ಮಾತು ತಮಗೇ ಕೇಳಿಸಿತು. ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ ಒಂದು ಸಾಲು ಕಣ್ಣಿನಲ್ಲೇ ನಿಲ್ಲದೆ ಕಿವಿಯ ತನಕ ಬಂತು. ತಾವೇ ಅಲ್ಪವಿರಾಮ ಹಾಕಿದ್ದ ಸಾಲು.

"ಅವರು ಹೋದ ಊರಿಗೆ ಬಸ್ ಎಷ್ಟು ಹೊತ್ತಿಗೆ?" ಎಂದು ಟೀ ಅಂಗಡಿಯವಳನ್ನು ಕೇಳಿದರು.

"ಅಗೋ, ಹೊರಡ್ತಾ ಇದೆ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಮನೆಗೆ ಹೋಗಿ ಬಟ್ಟೆ ತರಬೇಕು, ಗ್ಯಾಸ್ ಆರಿಸಿದ್ದೇವೋ ಇಲ್ಲವೋ, ಬಕೆಟ್ ತುಂಬಿ ಹರಿಯುತ್ತದೆ, ಎಂದು ಆಕೆ ಶುರುಮಾಡುತ್ತಾರೆ ಅಂದುಕೊಂಡಿದ್ದರು. ಆಕೆ ಆಗಲೇ ಕೇಕಿನ ಡಬ್ಬಿ ಎದೆಗವಚಿಕೊಂಡು ಬಸ್ಸಿನ ಮೆಟ್ಟಿಲ ಮೇಲಿದ್ದರು. "ಬರ್ತೀರೋ, ನಾನೊಬ್ಬಳೇ ಹೋಗಲೋ?"

ಐದು ಗಂಟೆಯ ದಾರಿ. ಬೂಟು ಕಚ್ಚುತ್ತಲೇ ಇತ್ತು. ಪಕ್ಕದ ಸೀಟಿನ ಮಗು ಕೇಕಿನ ವಾಸನೆ ಹಿಡಿದು ಡಬ್ಬಿಯನ್ನೇ ನೋಡಿ ನೋಡಿ, ಕೊನೆಗೆ ಒಂದು ತುಂಡು ಗಿಟ್ಟಿಸಿಕೊಂಡಿತು. ಹೆಂಡತಿಯ ಮೊಬೈಲಿಗೆ ಪ್ರೆಸ್ಸಿನ ಯಜಮಾನರ ಫೋನು ಬಂತು. "ಮೇಷ್ಟ್ರೇ, ನಾಳೆ ಬೆಳಿಗ್ಗೆ ನವೆಂಬರು ಮೆಷಿನ್ನಿಗೆ ಹೋಗ್ಬೇಕು, ಮರೀಬೇಡಿ."

"ನವೆಂಬರಿಗೆ ಇನ್ನೂ ಹದಿನಾಲ್ಕು ತಿಂಗಳಿದೆ ಸ್ವಾಮಿ" ಎಂದು ಮೇಷ್ಟ್ರು ಫೋನಿಟ್ಟರು. ಇಟ್ಟ ಮೇಲೆ ತಮ್ಮ ಧೈರ್ಯಕ್ಕೆ ತಾವೇ ಬೆರಗಾದರು.

ದಾರಿಯಲ್ಲಿ ಪ್ರಾರ್ಥನೆ ಮಾಡಲು ನೋಡಿದರು. "ಕರ್ತನೇ, ನಾನು ಅಣ್ಣನಿಗೆ ಮಾಡಿದ..." ಎಂದು ಶುರುಮಾಡಿ, "ಮಾಡಿದಂಥ" ಅಂದರೆ ಒಳ್ಳೆಯದೇನೋ ಎಂದು ಯೋಚಿಸಿ, ಛೀ ಎಂದು ತಮಗೆ ತಾವೇ ಬೈದುಕೊಂಡರು. ಆಮೇಲೆ ತಿದ್ದುವುದನ್ನು ಬಿಟ್ಟು, "ನಾನು ಹೋಗೋವರೆಗೆ ಅವನ ಕಣ್ಣಲ್ಲಿ ಬೆಳಕಿಟ್ಟಿರು" ಎಂದಷ್ಟೇ ಕೇಳಿಕೊಂಡರು. ಮೂರು ನಾಲ್ಕು ತಿಂಗಳಿದೆ ಎಂದು ಡಾಕ್ಟರೇ ಹೇಳಿದ್ದರೂ ಮೇಷ್ಟ್ರಿಗೆ ಆ ಐದು ಗಂಟೆಯ ಮೇಲೂ ನಂಬಿಕೆ ಉಳಿದಿರಲಿಲ್ಲ.

ಅಣ್ಣನ ಮಗಳ ಮನೆ ಸಿಕ್ಕಾಗ ಬಿಸಿಲು ಇಳಿಯುತ್ತಿತ್ತು. ಅಣ್ಣ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮುಖ ಮಾಡಿ ಕೂತಿದ್ದರು. ಬೂಟಿನ ಸದ್ದಿಗೆ ತಲೆ ಎತ್ತಿದರು.

"ಯಾರದು?"

"ನಾನು ಅಣ್ಣ."

"ನಿನ್ನೆ ಅಲ್ವೇನೋ ಬರಬೇಕಾಗಿದ್ದು?"

"ತಾರೀಖು ತಪ್ಪಾಯ್ತು."

"ಯಾರಿಗೆ? ನಿನಗಾ?" ಅಣ್ಣನ ಹೊಟ್ಟೆ ಕುಲುಕಿತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ತಾರೀಖು! ನಿನಗೆ!" ಎನ್ನುತ್ತಾ ಕುರ್ಚಿಯ ಕೈ ಹಿಡಿದುಕೊಂಡರು.

ಮೇಷ್ಟ್ರು ಮೂರು ಕರಡು ಮಾಡಿದ್ದ ಮಾತು ಎಲ್ಲಿ ಹೋಯಿತೋ. "ಅಣ್ಣ, ಅಮ್ಮ ಹೋದದ್ದು ಮಂಗಳವಾರವೇ. ತಪ್ಪು ನಂದು. ನಿನ್ನ ಕಲ್ಲಲ್ಲಿ ತಪ್ಪಿರಲಿಲ್ಲ."

ಅಣ್ಣನ ನಗು ಗಕ್ಕನೆ ನಿಂತಿತು. "ಮಂಗಳವಾರಾನಾ? ನಿಜವಾಗ್ಲೂ?"

"ನಿಜವಾಗ್ಲೂ."

"ಅಯ್ಯೋ ಪಾಪಿ! ನಾನದನ್ನ ಬುಧವಾರ ಮಾಡಿಬಿಟ್ಟೆನಲ್ಲೋ!"

ಈಗ ಬಾಯಿ ಬಿಡುವ ಸರದಿ ಮೇಷ್ಟ್ರದು. ಒಂಬತ್ತು ವರ್ಷದಿಂದ ಅವರು ಆ ಸಮಾಧಿಯ ಕಡೆ ತಲೆ ಹಾಕಿರಲಿಲ್ಲ.

"ಮರುವಾರವೇ ಹೋಗಿ ಆ ಸಾಲು ಉಜ್ಜಿ ತೆಗೆದು ಮತ್ತೆ ಕೆತ್ತಿದೆ" ಎಂದರು ಅಣ್ಣ. "ನೀನು ಓದಿದೋನು, ಕ್ಯಾಲೆಂಡರ್ ಮಾಡೋನು, ನೀನು ಹೇಳಿದ ಮೇಲೆ ತಪ್ಪಿರುತ್ತಾ? ಉಜ್ಜಿದ ಜಾಗ ಒಂದು ಬೆರಳು ತಗ್ಗಾಗಿದೆ. ಮಳೆ ಬಂದ್ರೆ ನೀರು ನಿಲ್ಲುತ್ತೆ, ಗುಬ್ಬಿ ಬಂದು ಕುಡೀತವೆ."

"ಮತ್ತೆ ಮಾತು ಯಾಕೆ ಬಿಟ್ಟೆ? ಸಿಟ್ಟಲ್ಲಿದೀಯ ಅಂತ ನಾನು..."

"ಸಿಟ್ಟು ಒಂದು ವಾರ ಇತ್ತು. ಆಮೇಲೆ ನಾಚಿಕೆ ಕಣೋ. ಹೆತ್ತವಳು ಹೋದ ದಿನ ನೆಟ್ಟಗೆ ಕೆತ್ತೋಕೆ ಬರಲಿಲ್ಲ, ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಬರಲಿ?"

ಮೇಷ್ಟ್ರ ಹೆಂಡತಿ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. "ದೇವರು ಇಬ್ಬರಿಗೂ ಸೇರಿಸಿ ಒಂದೇ ಬುದ್ಧಿ ಕೊಟ್ಟಿದ್ದಾನೆ. ಅದನ್ನೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಕೂತಿದ್ದಾರೆ" ಎಂದು ಹೇಳಿ, ಅಳು ತಡೆಯಲಾರದೆ ಒಳಗೆ ಹೋದರು.

"ನಾಳೆ ಹೋಗಿ ಸರಿ ಮಾಡೋಣ ಅಣ್ಣ. ನಾನೇ ಜನ ಹಿಡಿದು ಕೆತ್ತಿಸ್ತೀನಿ."

"ಬಿಡೋ. ಅಮ್ಮನಿಗೆ ಒಂದು ದಿನ ಜಾಸ್ತಿ ಸಿಕ್ಕ ಹಾಗಾಯ್ತು. ಇರಲಿ."

ಅಷ್ಟು ಕೇಳಿದ್ದೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಮ್ಮನಿಗೆ ಕಲ್ಲಿನ ಮೇಲೆ ಒಂದು ದಿನ ಸಿಕ್ಕಿತು, ತಮ್ಮಿಬ್ಬರಿಗೆ ಮೂರು ಸಾವಿರ ದಿನ ಹೋಯಿತು, ಒಂದೊಂದಕ್ಕೂ ಒಂದೊಂದು ಹಾಳೆ, ಎಲ್ಲವನ್ನೂ ತಮ್ಮ ಕೈಯಾರೆ ನೋಡಿ ಕಳಿಸಿದ್ದರು. ಐವತ್ತೊಂಬತ್ತು ವರ್ಷದ ಗಂಡಸು ಜಗಲಿಯ ಮೇಲೆ ಮಂಡಿಯೂರಿ, ಅಣ್ಣನ ಮೊಣಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು.

"ಅಳೋದೆಲ್ಲ ಆಮೇಲೆ" ಎಂದರು ಅಣ್ಣ. "ಬೆಳಕು ಹೋಗ್ತಿದೆ. ಮುಖ ಎತ್ತು."

ಕಲ್ಲು ಕೆತ್ತಿ ಒರಟಾದ ಎರಡು ಕೈ ಮೇಷ್ಟ್ರ ಗಲ್ಲ ಹಿಡಿದು ಬಿಸಿಲ ಕಡೆ ತಿರುಗಿಸಿದವು. ಅಣ್ಣ ತೀರ ಹತ್ತಿರ ಬಾಗಿದರು. ಉಸಿರು ತಾಗುವಷ್ಟು ಹತ್ತಿರ.

"ಕೂದಲೆಲ್ಲ ಹೋಯ್ತಲ್ಲೋ."

"ಹೋಯ್ತು."

"ಮುದುಕ ಆಗಿಬಿಟ್ಟಿದೀಯ. ಮೂಗು ಮಾತ್ರ ಅಮ್ಮಂದೇ."

"ಅಪ್ಪಾ, ಚಿಕ್ಕಪ್ಪಾ, ಒಳಗೆ ಬನ್ನಿ, ಕಾಫಿ ಆರ್ತಿದೆ" ಎಂದು ಮಗಳು ಕೂಗಿದಳು. ಮೇಷ್ಟ್ರ ಮಂಡಿ ನೋಯುತ್ತಿತ್ತು, ಏಳಲು ಹೋದರು. ಅಣ್ಣನ ಕೈ ಬಿಡಲಿಲ್ಲ.

"ಎಲ್ಲಿಗೆ? ಸುಮ್ನೆ ಕೂರು. ಇನ್ನೂ ನೋಡಿ ಆಗಿಲ್ಲ."

ಮೇಷ್ಟ್ರು ಅಲ್ಲಾಡದೆ ಕೂತರು.